ಅಡ್ವಾನ್ಸ್ ನಿಮ್ಮ ಕೈಲಿ, ಬಾಕಿದಾರ ನಾನು!

ಲೆಕ್ಕದಿಂದಲೇ ಶುರು ಮಾಡೋಣ, ಮನೆ ಓನರುಗಳಿಗೆ ಬೇರೆ ಭಾಷೆ ಬೇಗ ತಿಳಿಯುವುದಿಲ್ಲ. ತಿಂಗಳಿಗೆ 7,000 ರೂಪಾಯಿ ಬಾಡಿಗೆ. ಹತ್ತು ತಿಂಗಳ ಅಡ್ವಾನ್ಸ್ ಅಂತ 70,000 ಮೊದಲೇ ಎಣಿಸಿಕೊಂಡಿದ್ದೀರಿ. ಕೆಲಸ ಹೋಗಿಯೋ, ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿಯೋ ಎರಡು ತಿಂಗಳು ಬಾಡಿಗೆ ನಿಂತಿತು. ಬಾಕಿ 14,000. ಅದನ್ನು ಕಳೆದರೂ ಬಾಡಿಗೆದಾರನ 56,000 ನಿಮ್ಮ ಬೀರುವಿನಲ್ಲೇ ಇದೆ. ಬಡ್ಡಿಯಿಲ್ಲ, ರಸೀದಿಯೂ ಇಲ್ಲ. ಈಗ ಹೇಳಿ, ಯಾರು ಯಾರಿಗೆ ಸಾಲಗಾರ?

ಆ 70,000 ಅವನಿಗೆ ಮರದಿಂದ ಉದುರಿದ್ದಲ್ಲ. ಸಂಘದಲ್ಲಿ ವಾರದ ಕಂತಿಗೆ ತೆಗೆದದ್ದು, ಹೆಂಡತಿಯ ಓಲೆ ಅಡವಿಟ್ಟದ್ದು. ಬಡ್ಡಿ ಕಟ್ಟಿ ತಂದ ದುಡ್ಡನ್ನು ಬಡ್ಡಿಯಿಲ್ಲದೆ ನಿಮಗೆ ಕೊಟ್ಟು, ಮೂರು ಮಹಡಿ ಕಟ್ಟಡದ ಒಡೆಯನಿಗೆ ಸಾಲ ಕೊಟ್ಟವನೇ ಅವನು. ಆದರೂ ಊರ ಬಾಯಲ್ಲಿ ಬಾಕಿದಾರ ಅವನೇ. ಮುಂದಿನ ಮನೆ ಹುಡುಕಲು ಹೊರಟರೆ ಆ ಹೆಸರು ಅವನಿಗಿಂತ ಮುಂಚೆ ಹೋಗಿ ಗೇಟಿನಲ್ಲಿ ನಿಂತಿರುತ್ತದೆ.

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಕೇಳುವುದೆಂದರೆ ಒಂದು ಪರೀಕ್ಷೆಗೆ ಕೂತಂತೆ. ಆಧಾರ್ ಬೇಕು, ಪ್ಯಾನ್ ಬೇಕು, ಕಂಪನಿ ಐಡಿ ಬೇಕು, ಸಂಬಳದ ಸ್ಲಿಪ್ ಬೇಕು. 2023ರಲ್ಲಿ ಪಿಯುಸಿ ಅಂಕ ಕಡಿಮೆಯಿದೆ ಎಂದು ಒಬ್ಬನಿಗೆ ಮನೆ ಕೊಡಲಿಲ್ಲ ಎಂಬ ಸುದ್ದಿ ದೇಶವಿಡೀ ಓಡಾಡಿತು, ಜನ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಲಗ್ಗೆರೆ, ರಾಜಗೋಪಾಲನಗರ, ಬೊಮ್ಮನಹಳ್ಳಿಯ ಸಂದಿಗಳಲ್ಲಿ ಅದಕ್ಕಿಂತ ಕಷ್ಟದ ಪ್ರಶ್ನೆಯೊಂದಿದೆ: "ಹಳೇ ಓನರ್ ನಂಬರ್ ಕೊಡಿ, ಒಂದು ಮಾತು ಕೇಳ್ತೀವಿ."

ಆ ಒಂದು ಮಾತು ಹೇಗಿರುತ್ತದೆ ಎಂದು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು, ಜೊತೆಗೆ ಶಾಲೆಗೆ ಹೋಗುವ ಮಗಳು. ಹೊಸ ಓನರು ಮೆಟ್ಟಿಲ ಮೇಲೆ ಕೂತು ಫೋನನ್ನು ಸ್ಪೀಕರಿಗೆ ಹಾಕಿದ. "ಬಾಡ್ಗೆ ಕರೆಕ್ಟಾಗಿ ಕೊಡ್ತಿದ್ರಾ ಸಾರ್?" ಆ ಕಡೆಯಿಂದ: "ಹುಡ್ಗಿ ಒಳ್ಳೇಳೇ. ಆದ್ರೆ ಕೊರೊನಾ ಟೈಮಲ್ಲಿ ಮೂರು ತಿಂಗಳು ಸತಾಯಿಸಿದ್ಲು ನೋಡಿ." "ಆಮೇಲೆ ಕೊಟ್ರಾ?" "ಕೊಡದೇ ಎಲ್ಲೋಯ್ತಾಳೆ, ಅಡ್ವಾನ್ಸಲ್ಲಿ ಹಿಡ್ಕೊಂಡೆ. ಪೇಂಟಿಂಗಿಗೂ ಒಂದು ತಿಂಗಳದ್ದು ಹಿಡ್ಕೊಂಡೆ." ಇಬ್ಬರೂ ನಕ್ಕರು. ಆ ಮಗು ತಾಯಿಯ ಸೆರಗು ಬಿಟ್ಟು ದೂರ ಹೋಗಿ ನಿಂತಿತು. ಹೊಸ ಓನರು ಫೋನಿಟ್ಟು, "ನೋಡಮ್ಮ, ನಮ್ಮನೇಲಿ ಹಿರಿಯರನ್ನ ಒಂದ್ಮಾತು ಕೇಳಿ ಹೇಳ್ತೀನಿ" ಅಂದ. ಆ ಮಾತಿನ ಅರ್ಥ ಮನೆ ಹುಡುಕಿದವರಿಗೆಲ್ಲ ಗೊತ್ತು.

ಹಳೇ ಓನರಿಗೆ ಕೈಬಿಟ್ಟುಹೋದದ್ದೇನು? ಒಂದು ಕಾಸೂ ಇಲ್ಲ. ಬಾಡಿಗೆ ಪೂರ್ತಿ ಬಂತು, ಸಾಲದ್ದಕ್ಕೆ ಸುಣ್ಣಬಣ್ಣದ ದುಡ್ಡೂ ಬಂತು. ಆದರೂ ಅವಳ ಮೇಲೆ ಬಾಕಿಯ ಮುದ್ರೆ ಒತ್ತಿಯೇ ಕಳಿಸಿದ.

ಬ್ರಿಟಿಷರ ಕಾಲದ ಕಾನೂನಿಗೂ ಇಷ್ಟು ಕಲ್ಲೆದೆ ಇರಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 114ನೇ ಕಲಂ ಓದಿ. ಬಾಡಿಗೆ ಕಟ್ಟಲಿಲ್ಲವೆಂದು ಓನರು ಕೋರ್ಟಿಗೆ ಹೋದರೂ, ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ಖರ್ಚು ತಂದಿಟ್ಟರೆ ಬಾಡಿಗೆದಾರನನ್ನು ಮನೆಯಲ್ಲೇ ಉಳಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ನೋಟಿಸ್ ಕೊಟ್ಟ ಮೇಲೆ ಬಾಕಿ ತೀರಿಸಲು ಎರಡು ತಿಂಗಳು ಕೊಡುತ್ತದೆ. ತೀರಿಸಿದರೆ ತೀರಿತು, ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಓನರುಗಳ ಫೋನಿನಲ್ಲಿ ಮಾತ್ರ ಅದು ಮುಗಿಯುವುದೇ ಇಲ್ಲ. ಅಂದಹಾಗೆ, ಆ 1999ರ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. 3,500ಕ್ಕೆ ಈ ಊರಲ್ಲಿ ಇವತ್ತು ಏನು ಸಿಗುತ್ತದೆ? ಸ್ಕೂಟರ್ ನಿಲ್ಲಿಸುವ ಜಾಗ ಸಿಗಬಹುದು.

ಮಾದರಿ ಬಾಡಿಗೆ ಕಾಯ್ದೆಗೆ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಎಂದು ಅದರಲ್ಲಿ ಬರೆದಿದೆ. ಬರೆದಿದೆ ಅಷ್ಟೆ. ಟು-ಲೆಟ್ ಬೋರ್ಡಿನ ಕೆಳಗಿನ ನಂಬರಿಗೆ ಫೋನ್ ಮಾಡಿ ಆ ಮಾತು ಹೇಳಿ ನೋಡಿ, ನಿಮಗೆ ಕೇಳುವುದು ಫೋನ್ ಕಟ್ಟಾದ ಸದ್ದು.

ಇನ್ನು ಬಾಕಿ ತೀರಿಸಿದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಾರೆ. ಸಾಕ್ಷಿ ಹುಟ್ಟದಂತೆ ನೋಡಿಕೊಂಡವರು ಯಾರು? "ಕ್ಯಾಶ್ ಕೊಟ್ಬಿಡಿ, ಅಕೌಂಟಿಗೆ ಹಾಕ್ಬೇಡಿ" ಎಂದವರು ನೀವು. ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ತೆರಿಗೆ ವಿನಾಯಿತಿ ಕೇಳುವ ನೌಕರ ಓನರಿನ ಪ್ಯಾನ್ ನಂಬರು ಕೊಡಬೇಕು. ಕೇಳಿದರೆ ನಿಮ್ಮ ಮುಖ ಸಪ್ಪಗಾಗುತ್ತದೆ. ಬಾಡಿಗೆದಾರನ ಪ್ಯಾನ್ ಜೆರಾಕ್ಸ್ ನಿಮ್ಮ ಡ್ರಾಯರಿನಲ್ಲಿರುತ್ತದೆ, ನಿಮ್ಮದು ಮಾತ್ರ ದೇವರ ಗುಟ್ಟು. ಹನ್ನೊಂದು ತಿಂಗಳ ಅಗ್ರಿಮೆಂಟಿನ ಕಥೆಯೂ ಇದೇ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕಲ್ಲ! ಹಾಗಾಗಿ ಹನ್ನೊಂದಕ್ಕೆ ನಿಲ್ಲಿಸಿ, ಪ್ರತಿ ಸಲ ಬಾಡಿಗೆ ಏರಿಸಿ, ಸ್ಟಾಂಪ್ ಪೇಪರಿನ ಖರ್ಚನ್ನೂ ಬಾಡಿಗೆದಾರನ ತಲೆಗೇ ಕಟ್ಟುತ್ತೀರಿ.

ಬಾಕಿ ಯಾಕೆ ಬೀಳುತ್ತದೆ ಎಂದು ಒಬ್ಬನೂ ಕೇಳುವುದಿಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದು ಸಾವಿರಕ್ಕೂ ಹೆಚ್ಚು ಜನರನ್ನು ಒಮ್ಮೆಗೇ ಮನೆಗೆ ಕಳಿಸಿತು. ಕಾರ್ಖಾನೆಯ ಮುಂದೆ ಧರಣಿ ಕೂತ ಆ ಹೆಣ್ಣುಮಕ್ಕಳು ಆ ತಿಂಗಳ ಬಾಡಿಗೆಯನ್ನು ಎಲ್ಲಿಂದ ತರಬೇಕಿತ್ತು? ಅದೇ ವರ್ಷ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬೇಡಿ, ಮನೆ ಖಾಲಿ ಮಾಡಿಸಬೇಡಿ ಎಂದು ಆದೇಶ ಹೊರಡಿಸಿತ್ತು. ಆ ಆದೇಶವನ್ನು ಎಷ್ಟು ಓನರುಗಳು ಓದಿದರೋ! ಆ ತಿಂಗಳುಗಳ ಬಾಕಿಯನ್ನೇ ಇವತ್ತಿಗೂ ಫೋನಿನಲ್ಲಿ "ಸತಾಯಿಸಿದ್ಲು" ಎಂದು ಹೇಳುತ್ತಾರೆ. ಇತ್ತ ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕರನ್ನು ನೋಡಿ. ಗೌರವಧನಕ್ಕೆ ಕಾದು ಕಾದು, ಮನೆ ಓನರ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿಂದ ಕಾಲೇಜಿಗೆ ಹೋಗುವ ಮೇಷ್ಟ್ರುಗಳಿದ್ದಾರೆ. ಸಂಬಳ ಬಾಕಿಯಿಟ್ಟ ಸರ್ಕಾರಕ್ಕೆ ಯಾರೂ ರೆಫರೆನ್ಸ್ ಕೇಳುವುದಿಲ್ಲ, ಕೇಳಿಸಿಕೊಳ್ಳುವವರು ಆ ಮೇಷ್ಟ್ರೇ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯಲು ಕೇಂದ್ರ ಅಡ್ಡಗಾಲು ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ಪೀಣ್ಯದ ರಸ್ತೆಗೆ ಇಳಿದರು. ಸರ್ಕಾರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಅವರಿಗೆ ಪಿಎಫ್ ಎಂದರೆ ಮುಪ್ಪಾದ ಮೇಲಿನ ಪಿಂಚಣಿಯಲ್ಲ, ಮಗಳ ಮದುವೆ, ಊರ ಸಾಲ, ಮನೆ ಅಡ್ವಾನ್ಸು. ದೆಹಲಿಯನ್ನು ಬಗ್ಗಿಸಿದ ಅದೇ ಹೆಣ್ಣು ಲಗ್ಗೆರೆಯ ಮೆಟ್ಟಿಲ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ನನಗೆ ಸಿಟ್ಟು ಬರುವುದು ಇಲ್ಲೇ.

ಬಾಡಿಗೆಯನ್ನೇ ನಂಬಿ ಬದುಕುವ ವಿಧವೆ ಓನರಿಲ್ಲವೇ, ಬೇಕೆಂದೇ ಬಾಡಿಗೆ ನುಂಗುವವರಿಲ್ಲವೇ ಎನ್ನುತ್ತೀರಿ. ಇದ್ದಾರೆ. ಅವರಿಗಾಗಿಯೇ ಅಡ್ವಾನ್ಸ್ ಇದೆ, ಕೋರ್ಟ್ ಇದೆ. ಆ ವಿಧವೆಯ ಹೆಸರನ್ನು ಗುರಾಣಿ ಮಾಡಿಕೊಂಡು ಎಂಟು ಮನೆ ಬಾಡಿಗೆಗೆ ಬಿಟ್ಟವರು ಮಾತಾಡಬೇಡಿ. ಇನ್ನೊಂದು ಮಾತು. "ಬಾಕಿ ಹಿಸ್ಟರಿ" ಎಂಬುದು ಎಷ್ಟೋ ಕಡೆ ಒಂದು ಮರೆ. ಊರು ಯಾವುದು, ಯಾವ ಪೈಕಿ, ಮನೇಲಿ ಮಾಂಸ ಮಾಡ್ತೀರಾ ಎಂದು ಕೇಳಿ ಉತ್ತರ ಹಿಡಿಸದಿದ್ದರೆ, ಬಾಯಿಬಿಟ್ಟು ಜಾತಿ ಹೇಳಲಾಗದೆ ಹಳೇ ಓನರಿಗೆ ಫೋನ್ ಹಚ್ಚುತ್ತಾರೆ. ತಮ್ಮವರಾದರೆ ಅದೇ ಮೂರು ತಿಂಗಳ ಬಾಕಿ "ಪಾಪ, ಕಷ್ಟದಲ್ಲಿದ್ರು" ಆಗುತ್ತದೆ.

ಬಾಕಿ ತೀರಿಸಿದವರೇ, ಮನೆ ಬಿಡುವ ದಿನ ಅಡ್ವಾನ್ಸಿನ ಉಳಿಕೆ ಇಸಕೊಳ್ಳುವಾಗ "ಇವರಿಂದ ಏನೂ ಬಾಕಿಯಿಲ್ಲ" ಎಂದು ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯಲ್ಲ ಅಂದರೆ ವಾಟ್ಸ್ಆ್ಯಪ್‌ನಲ್ಲಿ ಲೆಕ್ಕ ಕಳಿಸಿ "ಸರಿ" ಅನ್ನಿಸಿ. ಹೊಸ ಓನರು ನಂಬರ್ ಕೇಳಿದಾಗ ಬಾಕಿಯನ್ನು ಮುಚ್ಚಿಡಬೇಡಿ. ಆ ಕಾಗದವನ್ನು ಮುಂದಿಟ್ಟು, ನೀವೂ ಒಂದು ನಂಬರ್ ಕೇಳಿ. ಈ ಮನೆಯಲ್ಲಿ ನನಗಿಂತ ಮುಂಚೆ ಇದ್ದವರ ನಂಬರ್. ಅವರ ಅಡ್ವಾನ್ಸ್ ಎಷ್ಟು ದಿನಕ್ಕೆ ವಾಪಸ್ ಬಂತು, ಪೇಂಟಿಂಗಿಗೆ ಎಷ್ಟು ಹಿಡಿದರು, ಬಾಡಿಗೆ ತಡವಾದಾಗ ನೀರಿನ ವಾಲ್ವ್ ತಿರುಗಿಸಿದರಾ ಎಂದು ವಿಚಾರಿಸಿ. ಹಾಗೆಲ್ಲ ಕೇಳಿದರೆ ಮನೆ ಸಿಗಲ್ಲ ಅನ್ನುತ್ತೀರಾ? ಬಾಯಿ ಮುಚ್ಚಿಕೊಂಡು ನಿಂತಾಗ ಎಷ್ಟು ಮನೆ ಸಿಕ್ಕಿವೆ?