ಮಾರ್ಜಾಲದಾನ ವಿಚಾರ

ಕಳೆದ ಯುಗಾದಿಯ ಮರುದಿನ ಬೆಳಗಿನ ಜಾವದಲ್ಲಿ, ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪಂಚಾಂಗಗಳನ್ನು ತುಂಬಿಟ್ಟಿದ್ದ ಬುಟ್ಟಿಯೊಳಗೆ ಒಂದು ಬೆಕ್ಕು ನಾಲ್ಕು ಮರಿಗಳನ್ನು ಹಾಕಿತು. ಆ ಬೆಕ್ಕು ನಮ್ಮದಲ್ಲ, ಬೀದಿಯದು. ಆದರೆ ಮಾಘ ಮಾಸದಿಂದಲೂ ಅದು ನಮ್ಮ ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ಮಜ್ಜಿಗೆಯನ್ನವನ್ನು ಅಂಗೀಕರಿಸುತ್ತಿದ್ದುದರಿಂದ, ಅದು ನಮ್ಮದಲ್ಲವೆಂದು ಹೇಳತಕ್ಕ ಅಧಿಕಾರವನ್ನು ನಾವು ಎಂದೋ ಕಳೆದುಕೊಂಡಿದ್ದೆವು.

“ಬರುವ ಪಿಂಚಣಿ ನಮ್ಮಿಬ್ಬರ ಔಷಧಿಗೇ ಸಾಲದು. ಈಗ ಐದು ಬಾಯಿ ಹೆಚ್ಚಾಯಿತಲ್ಲ, ಏನು ಮಾಡುತ್ತೀರಿ?” ಎಂದು ನಮ್ಮ ಮನೆಯವರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿ ಅನೇಕರ ಮನೆಗಳಲ್ಲಿಯೂ ಆಗಾಗ ಇದೇ ಪ್ರಶ್ನೆ ಹುಟ್ಟುತ್ತಿರಬಹುದಾದ ಕಾರಣ, ಈ ತಿಂಗಳು ಇದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಇದಕ್ಕೆ ನಮ್ಮ ಕಡೆಯಲ್ಲಿ ಹಿಂದಿನಿಂದ ಬಂದ ಉತ್ತರವೊಂದುಂಟು. ಮರಿಗಳನ್ನು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಸಂತೆಯ ಬಯಲಿನಲ್ಲಿಯೋ ದೇವಸ್ಥಾನದ ಹಿಂಭಾಗದಲ್ಲಿಯೋ ಬಿಟ್ಟು ಬರುವುದು. ವಾಚಕರಲ್ಲಿ ಮುಚ್ಚಿಡುವುದೇಕೆ? ಸುಮಾರು 30 ವರ್ಷಗಳ ಹಿಂದೆ ನಾವೂ ಹೀಗೆಯೇ ಮಾಡಿದೆವು. ಮೂರು ಮರಿಗಳನ್ನು ಮೀನಿನ ಅಂಗಡಿಗಳ ಹಿಂದೆ ಬಿಟ್ಟು, ಇಲ್ಲಿ ಹೇಗೋ ಬದುಕಿಕೊಳ್ಳುವುವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಹಿಂತಿರುಗಿದೆವು. ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಶಾಲೆಗೆ ಹೋಗುವಾಗ ಎರಡು ಕಾಣಲಿಲ್ಲ. ಮೂರನೆಯದು ಮೋರಿಯ ಅಂಚಿನಲ್ಲಿ ನೆನೆದು ಮುದ್ದೆಯಾಗಿ ಕುಳಿತಿದ್ದು, ನಮ್ಮನ್ನು ಗುರುತಿಸಿ ಬಾಯಿ ತೆರೆಯಿತು. ಧ್ವನಿ ಬರಲಿಲ್ಲ. ಗಂಟೆ ಹೊಡೆಯುವ ಹೊತ್ತಾಯಿತೆಂದು ನಾವು ನಡೆದುಬಿಟ್ಟೆವು. ಸಂಜೆ ಬರುವಾಗ ಅದೂ ಇರಲಿಲ್ಲ.

ಇಂತಹ ಕಾರ್ಯವು ಅಪರಾಧವೂ ಅಹುದೆಂಬುದನ್ನು ನಾವು ತಿಳಿದದ್ದು ತಡವಾಗಿ. ಹಸಿವು ಬಾಯಾರಿಕೆಗಳಿಂದ ನರಳುವ ಸಂಭವವಿರುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಹೋಗುವುದನ್ನು 1960ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಪ್ರಕರಣವು ನಿಷೇಧಿಸಿದೆ. ಆದರೆ ಕಾಯಿದೆಗಿಂತಲೂ ಆ ಧ್ವನಿಯಿಲ್ಲದ ಬಾಯಿಯೇ ನಮ್ಮನ್ನು ಹೆಚ್ಚಾಗಿ ಕಾಡಿತು. ಆದಕಾರಣ ಈ ಸಲ ಮರಿಗಳನ್ನು ಬಿಡಬಾರದು, ಕೊಡಬೇಕು ಎಂದು ನಿಶ್ಚಯಿಸಿದೆವು. ಬಿಡುವುದಕ್ಕೂ ಕೊಡುವುದಕ್ಕೂ ಇರುವ ಅಂತರವೇ ಈ ಲೇಖನದ ತಾತ್ಪರ್ಯ. ದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರನ್ನೂ ನೋಡಬೇಕೆಂದು ನಮ್ಮ ಹಿರಿಯರು ವಿಧಿಸಿರುವರಷ್ಟೆ. ಗೋದಾನಕ್ಕೆ ಸಲ್ಲುವ ಈ ವಿಧಿಯು ಮಾರ್ಜಾಲದಾನಕ್ಕೂ ಸಲ್ಲುವುದು.

ಮೊದಲು ಕಾಲವನ್ನು ನೋಡೋಣ. ಬೆಕ್ಕಿನ ಮರಿಯು ಹುಟ್ಟುವಾಗ ಕುರುಡು. ಕಣ್ಣು ತೆರೆಯಲು 7ರಿಂದ 14 ದಿನಗಳು ಹಿಡಿಯುವುವು. ಸುಮಾರು ನಾಲ್ಕನೆಯ ವಾರದಲ್ಲಿ ಮೆತ್ತನೆಯ ಆಹಾರಕ್ಕೆ ಬಾಯಿ ಹಾಕಲಾರಂಭಿಸಿ, ಎಂಟನೆಯ ವಾರದ ಹೊತ್ತಿಗೆ ಹಾಲು ಬಿಡುವುದು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಇನ್ನೂ ಕೆಲವು ವಾರ ತಡೆದರೆ ಮತ್ತಷ್ಟು ಉತ್ತಮ. ಕಚ್ಚಿದರೆ ನೋಯುವುದು, ಉಗುರನ್ನು ಒಳಗೆಳೆದುಕೊಂಡು ಆಡಬೇಕು ಎಂಬ ಪಾಠಗಳನ್ನೆಲ್ಲ ಅದು ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಕಲಿಯುವುದು ಈ ಅವಧಿಯಲ್ಲಿಯೇ. ಮನುಷ್ಯರ ಪರಿಚಯಕ್ಕೂ ಇದೇ ಸಕಾಲ. ಎರಡನೆಯ ವಾರದಿಂದ ಏಳನೆಯ ವಾರದವರೆಗೆ ದಿನವೂ ಮೃದುವಾಗಿ ಕೈಯಾಡಿಸಿದ ಮರಿಯು ಜನರಿಗೆ ಹೆದರದು. ಹೆದರದ ಮರಿಗೆ ಮನೆ ಬೇಗ ಸಿಕ್ಕುವುದು. ಈ ಕೆಲಸಕ್ಕೆ ಕಾಸೂ ಬೇಕಿಲ್ಲ. ನಮ್ಮ ಮೊಮ್ಮಗಳು ದಿನಕ್ಕೆ ಎರಡು ಸಲ ಅಟ್ಟ ಹತ್ತಿ ಇದನ್ನು ಮುಗಿಸುತ್ತಿದ್ದಳು.

ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುವುದೆಂಬ ಮಾತುಂಟು. ಗಲಾಟೆಯಾದರೆ, ಕಂಡ ಕಂಡವರು ಇಣುಕಿದರೆ, ಅದು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುವುದು. ಶ್ರೀವೈಷ್ಣವರಲ್ಲಿ ತೆಂಗಲೆಯವರು ಮಾರ್ಜಾಲಕಿಶೋರ ನ್ಯಾಯವೆಂದು ದೃಷ್ಟಾಂತವಾಗಿ ಹೇಳುವುದು ಇದನ್ನೇ. ಮರಿಯದು ಯಾವ ಪ್ರಯತ್ನವೂ ಇಲ್ಲ, ಭಾರವೆಲ್ಲವೂ ತಾಯಿಯದು. ಆದಕಾರಣ ಮೊದಲ ದಿನಗಳಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಒಂದು ಹಳೆಯ ಹತ್ತಿಯ ಸೀರೆ, ಒಂದು ಕತ್ತಲೆಯ ಮೂಲೆ ಇಷ್ಟನ್ನು ಒದಗಿಸಿ ದೂರವಿರುವುದೇ ಲೇಸು.

ಇನ್ನು ವೆಚ್ಚದ ಮಾತು. ಮೊದಲ ನಾಲ್ಕು ವಾರ ಮರಿಗಳಿಗಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ತಾಯಿಗೆ ಹಾಕಿದ ತುತ್ತೇ ಮರಿಗೆ ಹಾಲಾಗುವುದು. ಆದರೆ ಆ ತುತ್ತು ಎಂತಹುದಾಗಿರಬೇಕೆಂಬ ವಿಷಯದಲ್ಲಿ ನಮ್ಮಂತಹ ಸಸ್ಯಾಹಾರಿಗಳ ಮನೆಗಳಲ್ಲಿ ದೊಡ್ಡ ತಪ್ಪು ನಡೆಯುತ್ತಿದೆ. ಹಾಲನ್ನ ಮೊಸರನ್ನಗಳಿಂದ ಬೆಕ್ಕು ಹೊಟ್ಟೆ ತುಂಬಿಸಿಕೊಳ್ಳಬಹುದು, ಆದರೆ ಆರೋಗ್ಯವಾಗಿರಲಾರದು. ಅಮರಕೋಶವು ಬೆಕ್ಕಿಗೆ ಆಖುಭುಕ್, ಅಂದರೆ ಇಲಿಯನ್ನು ತಿನ್ನತಕ್ಕದ್ದು, ಎಂಬ ಹೆಸರನ್ನೂ ಕೊಟ್ಟಿರುವುದು ಸುಮ್ಮನೆ ಅಲ್ಲ. ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ದ್ರವ್ಯವನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕು ಕುರುಡಾಗುವುದೆಂದು 1975ರಲ್ಲಿಯೂ, ಹೃದಯರೋಗಕ್ಕೆ ತುತ್ತಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿಯನ್ನುಂಟುಮಾಡುವುದು. ಎಳೆಯ ಮರಿಗೆ ಭೇದಿಯೆಂದರೆ ಪ್ರಾಣಕ್ಕೇ ಸಂಚಕಾರ. ತಾಯಿಯಿಲ್ಲದ ಮರಿಗೆ ಅದಕ್ಕೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಕೊಡಬೇಕೇ ಹೊರತು ಹಸುವಿನ ಹಾಲನ್ನಲ್ಲ.

ನಮ್ಮ ಮನೆಯವರು ಅಡಿಗೆಯ ಮನೆಯೊಳಗೆ ಮೊಟ್ಟೆಯನ್ನು ತರಗೊಡಲಿಲ್ಲ. ಆದರೆ ಹಿತ್ತಲಿನಲ್ಲಿ ಹಳೆಯ ಒಲೆಯೊಂದನ್ನು ಹೂಡಲು ಅಡ್ಡಿ ಹೇಳಲಿಲ್ಲ. ದಿನಕ್ಕೊಂದು ಬೇಯಿಸಿದ ಮೊಟ್ಟೆ, ಅದರೊಡನೆ ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಆಹಾರ, ಇವುಗಳಿಂದ ಹತ್ತು ವಾರ ಸಾಗಿತು. ನಮ್ಮ ಲೆಕ್ಕದ ಪುಸ್ತಕದಂತೆ ಆಹಾರಕ್ಕೆ 1,690 ರೂಪಾಯಿ, ಜಂತುಹುಳುವಿನ ಔಷಧಿಗೆ 110 ರೂಪಾಯಿ ಬಿದ್ದಿತು. ಔಷಧಿಯನ್ನು ವೈದ್ಯರು ಮರಿಯ ತೂಕ ನೋಡಿ ಹೇಳಿದಷ್ಟೇ ಕೊಡಬೇಕು. ಮಿತವ್ಯಯದ ಹೆಸರಿನಲ್ಲಿ ಮನೆಯ ಔಷಧಿಪೆಟ್ಟಿಗೆಗೆ ಕೈಹಾಕುವವರಿಗೆ ಒಂದು ಎಚ್ಚರಿಕೆ: ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಗುಳಿಗೆಯು ಬೆಕ್ಕಿಗೆ ವಿಷ, ಒಂದು ಗುಳಿಗೆಯೇ ಅದನ್ನು ಕೊಲ್ಲಬಲ್ಲದು.

ಎರಡನೆಯದು ದೇಶ, ಎಂದರೆ ಮರಿಯು ಹೋಗಿ ಸೇರುವ ಸ್ಥಳ. ಇಲ್ಲಿ ನಾವು ಎಡವಿದೆವು. ನಾಲ್ಕರಲ್ಲಿ ಚೆಲುವಾದದ್ದು ಕೆಂಚುಬಣ್ಣದ ಗಂಡುಮರಿ. ಎಂಟು ವಾರ ತುಂಬಿದ ದಿನವೇ ಪರಿಚಿತರೊಬ್ಬರು ಬಂದು ಅದನ್ನು ಕೇಳಿದರು. ಸಜ್ಜನರು, ವಿದ್ಯಾವಂತರು, ಕೈಯಲ್ಲಿ ಅನುಕೂಲವುಳ್ಳವರು. ನಾವು ಹಿಗ್ಗಿ ಕೊಟ್ಟುಬಿಟ್ಟೆವು. ಅವರ ವಾಸವು ಮೂರನೆಯ ಮಹಡಿಯಲ್ಲಿ, ಬಾಲ್ಕನಿಗೆ ಬಲೆಯಿರಲಿಲ್ಲ. ಹತ್ತನೆಯ ದಿನ ಪಾರಿವಾಳದ ಮೇಲೆ ನೆಗೆದ ಮರಿಯು ಕೆಳಗೆ ಬಿದ್ದು ಸತ್ತಿತೆಂದು ಅವರೇ ಫೋನು ಮಾಡಿ ಅತ್ತರು. ತಪ್ಪು ಅವರದಲ್ಲ, ಕೇಳಬೇಕಾದುದನ್ನು ಕೇಳದೆ ಕೊಟ್ಟವರು ನಾವು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆಯೇ ನಿಲ್ಲುವುದೆಂಬ ನಂಬಿಕೆಯ ಮೇಲೆ ಭಾರ ಹಾಕಬಾರದು. ಅದು ಗಾಳಿಯಲ್ಲಿ ಮೈ ತಿರುಗಿಸಿಕೊಳ್ಳುವುದು ನಿಜ, ನೆಲದ ಪೆಟ್ಟು ತಪ್ಪುವುದಿಲ್ಲ. ಮಹಡಿಯ ಮನೆಯಾದರೆ ಕಿಟಕಿ ಬಾಲ್ಕನಿಗಳಿಗೆ ಬಲೆ, ಹಳ್ಳಿಯ ಮನೆಯಾದರೆ ಬಾವಿಗೆ ಮುಚ್ಚಳ, ಬಾಡಿಗೆಯ ಮನೆಯಾದರೆ ಮಾಲೀಕರ ಒಪ್ಪಿಗೆ, ನಾಯಿಯಿರುವ ಮನೆಯಾದರೆ ಆ ನಾಯಿಯ ಸ್ವಭಾವ, ಇಷ್ಟನ್ನು ನಾವೇ ಹೋಗಿ ಕಣ್ಣಾರೆ ನೋಡಿ ಬರಬೇಕು. ಬಸ್ಸಿನ ಚಾರ್ಜಿಗಿಂತ ಹೆಚ್ಚಿನ ವೆಚ್ಚವಿಲ್ಲ.

ಮೂರನೆಯದು ಪಾತ್ರ. ಹಿತೋಪದೇಶದ ಜರದ್ಗವನ ಕಥೆಯನ್ನು ನಾವು ಮಕ್ಕಳಿಗೆ ಎಷ್ಟು ಸಲ ಪಾಠ ಹೇಳಿದ್ದೇವೆಯೋ ಲೆಕ್ಕವಿಲ್ಲ. ಆ ಕುರುಡು ಮುದಿ ಹದ್ದು ದೀರ್ಘಕರ್ಣವೆಂಬ ಬೆಕ್ಕಿನ ಸವಿಮಾತಿಗೆ ಮರುಳಾಗಿ ಮರದ ಪೊಟರೆಯಲ್ಲಿ ಅದಕ್ಕೆ ಎಡೆ ಕೊಟ್ಟಿತು. ಬೆಕ್ಕು ಹಕ್ಕಿಮರಿಗಳನ್ನು ತಿಂದು ಓಡಿತು, ನಿರಪರಾಧಿಯಾದ ಹದ್ದು ಹತವಾಯಿತು. ಕುಲಶೀಲಗಳನ್ನರಿಯದೆ ಬೆಕ್ಕಿಗೆ ಮನೆ ಕೊಡಬಾರದೆಂಬುದು ಅಲ್ಲಿಯ ನೀತಿ. ಈ ಬೇಸಗೆಯಲ್ಲಿ ನಮಗೆ ಹೊಳೆದುದು ಅದರ ಮಗ್ಗುಲು ನೀತಿ: ಶೀಲವನ್ನರಿಯದೆ ಮನೆಗೆ ಬೆಕ್ಕನ್ನೂ ಕೊಡಬಾರದು.

ಆಮೇಲಿನಿಂದ ಕೇಳಲು ಬಂದವರಿಗೆಲ್ಲ ನಾವು ನಾಲ್ಕು ಪ್ರಶ್ನೆಗಳನ್ನು ಹಾಕತೊಡಗಿದೆವು. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯೇ? ಹಬ್ಬಕ್ಕೆ ಊರಿಗೆ ಹೋದಾಗ ನೋಡಿಕೊಳ್ಳುವವರಾರು? ರೇಬೀಸ್ ಮುಂತಾದ ರೋಗಗಳಿಗೆ ಚುಚ್ಚುಮದ್ದು ಹಾಕಿಸುವಿರಾ? ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆ ಮಾಡಿಸುವಿರಾ? ಕೊನೆಯಲ್ಲಿ, ಸಾಕಲಾಗದಿದ್ದರೆ ಬೀದಿಗೆ ಬಿಡದೆ ನಮ್ಮಲ್ಲಿಗೇ ತಂದುಬಿಡಿ ಎಂದು ಹೇಳುತ್ತಿದ್ದೆವು. ಮಗುವಿನ ಹುಟ್ಟುಹಬ್ಬದ ಉಡುಗೊರೆಗೆಂದು ಬಂದವರು ಮೊದಲ ಪ್ರಶ್ನೆಗೇ ಹಿಂತಿರುಗಿದರು. ಹಳೆಯ ವಿದ್ಯಾರ್ಥಿಯೊಬ್ಬನು ಗಂಡುಮರಿ ಬೇಕೆಂದು ಬಂದನು. ಉಳಿದವುಗಳಲ್ಲಿ ಮೂರು ಬಣ್ಣದ ಮರಿಯಿತ್ತಷ್ಟೆ; ಮೂರು ಬಣ್ಣದ ಬೆಕ್ಕು ಬಹುಮಟ್ಟಿಗೆ ಹೆಣ್ಣೇ ಆಗಿರುವುದು. ಶಸ್ತ್ರಚಿಕಿತ್ಸೆಯಾದ ಮೇಲೆ ಹೆಣ್ಣೆಂಬ ಚಿಂತೆಯಿಲ್ಲವೆಂದು ತಿಳಿಸಿ ಹೇಳಲು, ಅವನು ಅದನ್ನೂ ಬೂದುಪಟ್ಟೆಯ ಮರಿಯನ್ನೂ ಜೊತೆಯಾಗಿ ಕೊಂಡೊಯ್ದನು. ಎರಡು ಮರಿಗಳು ಒಟ್ಟಿಗೆ ಹೋದರೆ ಒಂದಕ್ಕೊಂದು ಆಸರೆ. ರಾತ್ರಿ ಅಳುವುದೂ ಕಡಿಮೆ. ತಾಯಿಯ ವಾಸನೆಯಿದ್ದ ಸೀರೆಯ ತುಂಡೊಂದನ್ನೂ ಕಳುಹಿಸಿದೆವು.

ಉಳಿದದ್ದು ಕರಿಯ ಮರಿ. ಅದನ್ನು ನೋಡಿ ಇಬ್ಬರು ಮುಖ ತಿರುಗಿಸಿದರು. ಶಕುನದ ಮಾತೆತ್ತಿದವರೊಡನೆ ವಾದಿಸಿ ಫಲವಿಲ್ಲ. ಒಲ್ಲದ ಮನೆಗೆ ಕೊಡುವುದೂ ತರವಲ್ಲ. ಬಳಿಕ ಅಪರಿಚಿತನೊಬ್ಬನು ಬಂದು, ಕರಿಯದೇ ಬೇಕು, ಮೈಮೇಲೆ ಬಿಳಿಯ ಕೂದಲೊಂದೂ ಇರಕೂಡದು, ಸಾವಿರ ರೂಪಾಯಿ ಕೊಡುವೆನು ಎಂದನು. ಏತಕ್ಕೆಂದು ಕೇಳಿದರೆ ಹೇಳಲೊಲ್ಲನು. ತಿಂಗಳ ಕೊನೆ, ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ನಮ್ಮ ಮನೆಯವರು ಒಳಗಿನಿಂದಲೇ, “ಮರಿ ಆಗಲೇ ಬೇರೆಯವರಿಗೆ ಹೇಳಿದ್ದಾಗಿದೆ ಎಂದುಬಿಡಿ” ಎಂದರು. ಅಂದಿನವರೆಗೆ ಬಾಯಿಗಳ ಲೆಕ್ಕ ಹಾಕುತ್ತಿದ್ದವರು ಅವರೇ.

ನಮ್ಮ ಬೀದಿಗೆ ಹೂವು ಮಾರಲು ಬರುವ ಮುದುಕಿಯೊಬ್ಬಳು ಒಂದು ಬೆಳಿಗ್ಗೆ ಆ ಮರಿಯನ್ನು ತಾನಾಗಿಯೇ ಕೇಳಿದಳು. ಒಂದೇ ಕೋಣೆಯ ಮನೆ, ಮಗ ಸೊಸೆ ಮೊಮ್ಮಗಳೊಡನೆ ವಾಸ. ಕರಿಯದಲ್ಲವೇ ಅಮ್ಮ, ಮನೆಯವರು ಒಪ್ಪುವರೇ ಎಂದು ಕೇಳಿದೆವು. “ಬಣ್ಣ ಕಟ್ಕೊಂಡು ಏನಾಗ್ಬೇಕು ಸ್ವಾಮಿ? ನನ್ನ ಮೊಮ್ಮಗಳೂ ಕಪ್ಪೇ. ಅವಳನ್ನೇನು ಬೀದಿಗೆ ಬಿಟ್ಟಿದೀನಾ?” ಎಂದಳು. ಹೋಗಿ ನೋಡಿದೆವು. ನೆಲದ ಮೇಲಿನ ಮನೆ, ಒಳಗಟ್ಟಿನ ಅಂಗಳ, ಹಗಲೆಲ್ಲ ಮನೆಯಲ್ಲಿ ಕುಳಿತು ಹೂವು ಕಟ್ಟುವ ಸೊಸೆ. ಮೊಮ್ಮಗಳು ಮರಿಗೆ ಆಗಲೇ ಹೆಸರಿಟ್ಟಾಗಿತ್ತು. ಪಾತ್ರವೆಂದರೆ ಐಶ್ವರ್ಯವಲ್ಲವೆಂಬ ಪಾಠವನ್ನು ನಾವು ಅಲ್ಲಿ ಕಲಿತೆವು. ಚುಚ್ಚುಮದ್ದು ಶಸ್ತ್ರಚಿಕಿತ್ಸೆಗಳ ವೆಚ್ಚವನ್ನು ನಾವು ವಹಿಸಿಕೊಂಡೆವು. ಪ್ರತಿಯಾಗಿ ನಮ್ಮ ದೇವರಿಗೆ ದಿನವೂ ಒಂದು ಮೊಳ ಮಲ್ಲಿಗೆ ಹೆಚ್ಚಾಗಿ ಬರುತ್ತಿದೆ.

ಕೊನೆಯ ಮಾತು ತಾಯಿಬೆಕ್ಕಿನದು. ಬೆಕ್ಕಿನ ಗರ್ಭಕಾಲ ಒಂಬತ್ತು ವಾರಗಳ ಸುಮಾರು; ಮರಿಗಳಿಗೆ ಹಾಲೂಡುತ್ತಿರುವಾಗಲೇ ಅದು ಮತ್ತೆ ಗರ್ಭ ಧರಿಸಬಲ್ಲದು. ಹೆಣ್ಣುಮರಿಯೂ ನಾಲ್ಕೈದು ತಿಂಗಳಿಗೇ ತಾಯಿಯಾಗಲು ಸಿದ್ಧವಾಗಬಹುದು. ಆದಕಾರಣ ಕೈಯಲ್ಲಿರುವುದು ಒಂದೇ ಕಾರ್ಯಕ್ಕಾಗುವಷ್ಟು ಹಣವಾದರೆ, ಮರಿಗಳು ಹಾಲು ಬಿಟ್ಟೊಡನೆ ಅದನ್ನು ತಾಯಿಯ ಶಸ್ತ್ರಚಿಕಿತ್ಸೆಗೆ ವಿನಿಯೋಗಿಸಬೇಕು. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿಯೂ, ಪ್ರಾಣಿದಯಾ ಸಂಸ್ಥೆಗಳಲ್ಲಿಯೂ ವಿಚಾರಿಸಿದರೆ ವೆಚ್ಚ ಇಳಿಯಬಹುದು. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ, 1991ರಲ್ಲಿ ಸ್ಥಾಪಿತವಾದ ಕ್ಯೂಪಾ ಸಂಸ್ಥೆಯೂ ಇವೆ. ನಮ್ಮ ಬೆಕ್ಕಿಗೆ 1,500 ರೂಪಾಯಿ ತಗಲಿತು. ನಮ್ಮ ಮನೆಯವರು ಅದನ್ನು ತಮ್ಮ ಸಾಸಿವೆ ಡಬ್ಬಿಯಿಂದ ತೆಗೆದುಕೊಟ್ಟರು.

ಈಗ ಅಟ್ಟವು ನಿಶ್ಶಬ್ದವಾಗಿದೆ. ಬೆಕ್ಕು ಮಾತ್ರ ಪಂಚಾಂಗದ ಬುಟ್ಟಿಯನ್ನು ಬಿಟ್ಟಿಲ್ಲ. ನಾವೂ ಅದನ್ನು ಏಳಿಸಿಲ್ಲ. ಎರಡು ಮನೆಗಳಿಂದ ಮೂರು ಮರಿಗಳ ಕ್ಷೇಮಸಮಾಚಾರ ಬರುತ್ತಿದೆ. ನಾಲ್ಕನೆಯದನ್ನು ನಾವು ಮರೆತಿಲ್ಲ. ಈ ಮಳೆಗಾಲದಲ್ಲಿ ಯಾರ ಅಟ್ಟದಲ್ಲಾದರೂ ಮರಿಗಳ ದನಿ ಕೇಳಿಬಂದರೆ, ವಾಚಕರು ಗೋಣಿಚೀಲವನ್ನು ಹುಡುಕುವ ಮುನ್ನ ಎಂಟು ವಾರಗಳ ಅವಧಿಯನ್ನು ಕೊಡಲಿ, ಕೊಡುವ ಮನೆಯ ಹೊಸ್ತಿಲನ್ನು ಒಮ್ಮೆ ತುಳಿದು ನೋಡಲಿ ಎಂದು ಪ್ರಾರ್ಥಿಸಿ ವಿರಮಿಸುವೆವು.