ಕಲೆಯ ಕಸುಬು ಉಳಿಯಲು ಸ್ಫೂರ್ತಿಯೊಂದೇ ಸಾಲದು

ಬೇರಿಕೆ: ಬೋರ್ಡ್ ಬರೆಯುವವರು, ಹಾರ್ಮೋನಿಯಂ ಮೇಷ್ಟ್ರು, ನಾಟಕಕ್ಕೆ ಬಣ್ಣ ಹಚ್ಚುವವರು, ಮದುವೆಗೆ ವಾಲಗ ಊದುವವರು, ಈಚೆಗೆ ಫೋಟೊ-ವಿಡಿಯೊ ತೆಗೆಯುವ ಹುಡುಗರು. ಇವರನ್ನೆಲ್ಲ ಊರಿನ ಜನ 'ಕಲಾವಿದರು' ಅಂತ ಕರೆಯೋದು ಸನ್ಮಾನದ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಇವರದ್ದೂ ಒಂದು ಕೂಲಿಯೇ. ಆದರೆ ಬೇರೆ ಕೂಲಿಗೆ ಇಲ್ಲದ ಒಂದು ಕಷ್ಟ ಇವರಿಗಿದೆ. ತಲೆಯಲ್ಲಿ ಹೊಸದೇನೂ ಹೊಳೆಯದಿದ್ದರೂ ಒಪ್ಪಿಕೊಂಡ ಕೆಲಸ ಮುಗಿಸಿ ಕೊಡಬೇಕು. 'ಯಾಕೋ ಇವತ್ತು ಕೈ ಓಡ್ತಿಲ್ಲ' ಅಂದರೆ ಅಂಗಡಿ ಮಾಲೀಕ ಕೇಳುವುದಿಲ್ಲ.

ಬೋರ್ಡಿನ ಕೆಲಸವನ್ನೇ ನೋಡಿ. ಬೇರಿಕೆ, ಬಾಗಲೂರು, ಹೊಸೂರು ಕಡೆ ಬೋರ್ಡ್ ಬರೆಯುವವನಿಗೆ ತಮಿಳು, ಕನ್ನಡ, ತೆಲುಗು ಮೂರೂ ಗೊತ್ತಿರಬೇಕು. ಅಕ್ಷರ ಗೊತ್ತಿದ್ದರೆ ಸಾಲದು, ಅದರ ಮೈಕಟ್ಟು ಗೊತ್ತಿರಬೇಕು. ಕನ್ನಡ, ತೆಲುಗಿನ ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕು. ತಮಿಳಿಗೆ ಒತ್ತಿನ ತೊಂದರೆ ಇಲ್ಲ, ಆದರೆ ಅದೇ ಹೆಸರು ಅಡ್ಡಕ್ಕೆ ಉದ್ದವಾಗುತ್ತದೆ. ಒಂದೇ ತಗಡಿನ ಮೇಲೆ ಮೂರನ್ನೂ ಒಂದಕ್ಕೊಂದು ಮುನಿಸಿಕೊಳ್ಳದ ಹಾಗೆ ಕೂಡಿಸುವುದು ಸುಮ್ಮನೆ ಬರುವ ವಿದ್ಯೆಯಲ್ಲ. ದಾರ ಹಿಡಿದು ಗೆರೆ ಹಾಕಿ, ಸೀಮೆಸುಣ್ಣದಲ್ಲಿ ಅಳತೆ ತೆಗೆದು, ಆಮೇಲೆ ಬ್ರಷ್ಷು. ಹತ್ತು ವರ್ಷ ಬರೆದವನ ಕೈಗೆ ಮಾತ್ರ ಅಳತೆಯಿಲ್ಲದೆ ಅಕ್ಷರ ನಿಲ್ಲುತ್ತದೆ.

2000ದ ದಶಕದಲ್ಲಿ ಫ್ಲೆಕ್ಸ್ ಬಂತು. ಒಂದು ದಿನದ ಕೆಲಸ ಒಂದು ಗಂಟೆಗೆ ಇಳಿಯಿತು. ಬ್ರಷ್ ಹಿಡಿದವರಲ್ಲಿ ಕೆಲವರು ಗೋಡೆಗೆ ಸುಣ್ಣ-ಬಣ್ಣ ಹೊಡೆಯಲು ಹೋದರು, ಕೆಲವರು ಸಿಪ್‌ಕಾಟ್ ಕಾರ್ಖಾನೆಗಳಿಗೆ ಹೋದರು. ಕಂಪ್ಯೂಟರ್ ಕಲಿತು ಅದೇ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತವರೂ ಇದ್ದಾರೆ. ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಬಿದ್ದಿರುವ ಕನ್ನಡ ಬ್ಯಾನರ್ ಕಂಡರೆ ಅಲ್ಲಿ ಇಂಥವರು ಯಾರೂ ಕುಳಿತಿಲ್ಲ ಅಂತಲೇ ಲೆಕ್ಕ. ಕೈಯಲ್ಲಿ ಬರೆದು ಪಳಗಿದ ಕಣ್ಣು ಮೌಸ್ ಹಿಡಿದಾಗಲೂ ಉಪಯೋಗಕ್ಕೆ ಬರುತ್ತದೆ ಅನ್ನೋದನ್ನು ಮಾಲೀಕರು ತಿಳಿದರೆ ಒಳ್ಳೆಯದು.

ಹಾಗಾದರೆ ದಿನಾ ದುಡಿಯುವವನ ತಲೆ ಬತ್ತದೆ ಇರುವುದು ಹೇಗೆ? ಇದಕ್ಕೆ ಉತ್ತರ ಹುಡುಕಿಕೊಂಡು ಬೇರಿಕೆಯವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಗಡಿ ದಾಟಿದರೆ ಮಾಲೂರು ತಾಲ್ಲೂಕು, ಅಲ್ಲೇ ಮಾಸ್ತಿ. ಆ ಊರಿನ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು 1891ರಲ್ಲಿ. ಮನೆಮಾತು ತಮಿಳು, ಬರೆದದ್ದು ಕನ್ನಡ. ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸಕ್ಕೆ ಸೇರಿ ಅಸಿಸ್ಟೆಂಟ್ ಕಮಿಷನರ್‌ನಿಂದ ಮೇಲೇರಿ ಡೆಪ್ಯುಟಿ ಕಮಿಷನರ್ ಆದವರು. ಕಡತ, ಕಂದಾಯ, ತನಿಖೆ, ಸರ್ಕೀಟು, ವರ್ಗಾವಣೆ, ಇದರ ನಡುವೆಯೇ ಕತೆ. 'ಕೆಲವು ಸಣ್ಣ ಕತೆಗಳು' 1920ರಲ್ಲಿ ಬಂತು. ಸಂಗೀತಗಾರನೊಬ್ಬನ ಬಾಳನ್ನು ಹೇಳುವ 'ಸುಬ್ಬಣ್ಣ' 1928ರಲ್ಲಿ ಬಂತು. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗಲೂ ಅವರು ನೌಕರಿಯಲ್ಲೇ ಇದ್ದರು. ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂತರೇ? 'ಜೀವನ' ಮಾಸಪತ್ರಿಕೆಯನ್ನು ಸುಮಾರು ಎರಡು ದಶಕ ನಡೆಸಿದರು. 'ಚಿಕವೀರ ರಾಜೇಂದ್ರ' ಬಂದಾಗ ಅವರ ವಯಸ್ಸು ಅರವತ್ತು ದಾಟಿತ್ತು. 1983ರ ಜ್ಞಾನಪೀಠ ಆ ಕಾದಂಬರಿಗೇ ಸಂದಿತು.

ಇಷ್ಟು ಬರೆದ ಮನುಷ್ಯನಿಗೆ ಪ್ರತಿದಿನ ಸ್ಫೂರ್ತಿ ಉಕ್ಕಿ ಬರುತ್ತಿತ್ತು ಅಂತ ನಂಬುವುದು ಕಷ್ಟ. ಅವರ ಕತೆಗಳನ್ನು ಓದಿದವರಿಗೆ ಕಾಣುವುದು ಬೇರೆ. ಅಲ್ಲಿ ಯಾರೋ ಒಬ್ಬರು ಕೂತು ಇನ್ನೊಬ್ಬರಿಗೆ ಹೇಳುತ್ತಿರುತ್ತಾರೆ, ಕೇಳುವವರೂ ಇರುತ್ತಾರೆ. ಹಳ್ಳಿಯ ಜಗಲಿ, ಪ್ರಯಾಣದ ನಡುವೆ ಕಿವಿಗೆ ಬಿದ್ದ ಮಾತು. ಕಚೇರಿ ಕೆಲಸ ಬರವಣಿಗೆಗೆ ಅಡ್ಡಿ ಅಂತ ಗೊಣಗುವವರು ಇದನ್ನು ಗಮನಿಸಬೇಕು. ಸರ್ಕೀಟು ಹೋಗುವ ಅಧಿಕಾರಿಗೆ ಊರೂರಿನ ಜನ, ಅವರ ಜಗಳ, ಅವರ ಸಂಕಟ ತಾನಾಗಿ ಎದುರಿಗೆ ಬರುತ್ತವೆ. ಕಿವಿ ತೆರೆದಿದ್ದರೆ ಬಂಡವಾಳ ಅಲ್ಲೇ ಇದೆ.

ಇತ್ತ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರದ್ದೂ ಬಿಡುವಿಲ್ಲದ ಬದುಕೇ. ವಕೀಲಿ, ಜೈಲು, ಮಂತ್ರಿಗಿರಿ, ಗವರ್ನರ್ ಜನರಲ್ ಹುದ್ದೆ. ಆದರೂ ರಾಮಾಯಣ, ಮಹಾಭಾರತಗಳನ್ನು ಸಾಮಾನ್ಯರಿಗೆ ತಿಳಿಯುವ ತಮಿಳಿನಲ್ಲಿ ಬರೆದರು. ಗಡಿಯ ಎರಡೂ ಮಗ್ಗುಲಲ್ಲಿ ಇಂಥವರು ಆಗಿಹೋಗಿರುವಾಗ 'ನಮಗೆ ಟೈಮೇ ಸಿಗಲ್ಲ' ಅನ್ನುವ ಮಾತು ಅಷ್ಟಾಗಿ ನಿಲ್ಲುವುದಿಲ್ಲ.

ಆದರೆ ಎಲ್ಲ ಹೊರೆಯನ್ನೂ ಕಲಾವಿದನ ತಲೆಗೇ ಕಟ್ಟುವುದು ನ್ಯಾಯವಲ್ಲ. ಮಾಸ್ತಿಯವರಿಗೆ ತಿಂಗಳ ಸಂಬಳ ಇತ್ತು. ಹಾರ್ಮೋನಿಯಂ ಮೇಷ್ಟ್ರಿಗೆ ಏನಿದೆ? ಪೌರಾಣಿಕ ನಾಟಕ ಕಟ್ಟಬೇಕಾದರೆ ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ. ಪಾತ್ರಧಾರಿಗಳಲ್ಲಿ ಟೊಮೇಟೊ ಬೆಳೆಯುವವರು, ಗುಲಾಬಿ ತೋಟದವರು, ಶಿಫ್ಟ್ ಮುಗಿಸಿ ಬರುವ ಕಾರ್ಖಾನೆ ಹುಡುಗರು. ಶ್ರುತಿ ಹಿಡಿಯದವನ ಕೈಲಿ ಕಂದ ಹೇಳಿಸುವುದು, ಮಾತು ಮರೆಯುವವನಿಗೆ ಹಿಂದಿನಿಂದ ಎತ್ತಿಕೊಡುವುದು, ದುರ್ಯೋಧನ ಮುನಿಸಿಕೊಂಡರೆ ಸಮಾಧಾನ ಮಾಡುವುದು, ಎಲ್ಲ ಅವರದ್ದೇ. ಅವರಿಗೂ ಒಂದು ರಾತ್ರಿ ಬೇಸರ ಬರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಖರ್ಚಿನ ಪಟ್ಟಿಯಲ್ಲಿ ಸೀನರಿ, ಲೈಟು, ಮೈಕು, ಊಟ ಎಲ್ಲ ಮೇಲೆ ಇರುತ್ತವೆ, ಮೇಷ್ಟ್ರ ಸಂಭಾವನೆ ಕೊನೆಗೆ. ಉಳಿದರೆ ಉಂಟು, ಇಲ್ಲದಿದ್ದರೆ 'ಮೇಷ್ಟ್ರೇ, ಮುಂದಿನ ತಿಂಗಳು ನೋಡೋಣ'. ಶಾಲು ಮಾತ್ರ ತಪ್ಪುವುದಿಲ್ಲ. ಒಬ್ಬರ ಮನೆಯಲ್ಲಿ ಎಷ್ಟು ಶಾಲು ಹೊದೆಯುತ್ತಾರೆ?

ಇನ್ನೊಂದು ಸಂಗತಿ ಇದಕ್ಕಿಂತ ಆಳದ್ದು. ಪಾತ್ರಧಾರಿ ನಾಟಕದ ಮಾತನ್ನು ಓದಿ ಕಲಿಯಬೇಕು, ನೋಡುವವರಿಗೆ ಅದು ಅರ್ಥವಾಗಬೇಕು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಕನ್ನಡ, ತೆಲುಗು, ಉರ್ದು ಮನೆಮಾತಿನ ಮಕ್ಕಳ ವಿಷಯ ಕೋರ್ಟ್ ಮೆಟ್ಟಿಲು ಹತ್ತಿತು. ಹತ್ತನೇ ತರಗತಿ ಪರೀಕ್ಷೆಯಲ್ಲಿ ತಮಿಳು ಪತ್ರಿಕೆಯಿಂದ ವಿನಾಯಿತಿ ಕೇಳಿ ಭಾಷಾ ಅಲ್ಪಸಂಖ್ಯಾತರು ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ತಮಿಳು ಕಲಿಯುವುದು ತಪ್ಪಲ್ಲ. ಇರುವ ನೆಲದ ಭಾಷೆ ಬಂದರೆ ಅನ್ನಕ್ಕೂ ಅನುಕೂಲ, ಕಲೆಗೂ ಅನುಕೂಲ. ಬೋರ್ಡ್ ಬರೆಯುವವನೇ ಅದಕ್ಕೆ ಸಾಕ್ಷಿ. ಆದರೆ ಮನೆಯಲ್ಲಿ ಕನ್ನಡ ಆಡುವ ಮಗು ಕನ್ನಡ ಓದಲಾರದೆ ಬೆಳೆದರೆ ಮೇಷ್ಟ್ರು ಯಾರಿಗೆ ಪಾಠ ಹೇಳಬೇಕು? ಪುಟಕ್ಕೆ ಪುಟ ತಮಿಳು ಅಕ್ಷರದಲ್ಲಿ ಬರೆದುಕೊಂಡು ಕನ್ನಡದ ಮಾತು ಒಪ್ಪಿಸಬಹುದು. ಆದರೆ ತಮಿಳು ಲಿಪಿಯಲ್ಲಿ 'ಕ'ಕ್ಕೂ 'ಗ'ಕ್ಕೂ ಒಂದೇ ಅಕ್ಷರ. ಗದೆ ಹಿಡಿದ ಭೀಮ ಕದೆ ಹಿಡಿದಾನು!

ಮಾಡಬಹುದಾದದ್ದು ದೊಡ್ಡದೇನಲ್ಲ. ಊರಿನ ಕನ್ನಡ ಮಕ್ಕಳನ್ನು ವರ್ಷಕ್ಕೊಮ್ಮೆ ಮಾಸ್ತಿಗೆ ಕರೆದುಕೊಂಡು ಹೋಗಿ, ಅಲ್ಲಿ ಓಡಾಡಿಸಿ, ಅವರದ್ದೊಂದು ಕತೆ ಓದಿಸಿ ಬರಬಹುದು. ಅದಕ್ಕೆ ಪ್ರವಾಸದ ದುಡ್ಡೂ ಬೇಡ. ರಾಜ್ಯೋತ್ಸವದ ಬ್ಯಾನರ್ ಪ್ರಿಂಟಿಗೆ ಹೋಗುವ ಮುಂಚೆ ಊರಿನ ಹಳೇ ಬೋರ್ಡ್ ಬರಹಗಾರರೊಬ್ಬರಿಗೆ ತೋರಿಸಿ, ತಿದ್ದಿಸಿ, ತಿದ್ದಿದ್ದಕ್ಕೆ ದುಡ್ಡು ಕೊಡಬಹುದು. ಇನ್ನು ನಾಟಕ ಕಟ್ಟುವವರು ಮುಂದಿನ ಸಲ ಚಂದಾ ಪುಸ್ತಕ ಹಿಡಿದು ಹೊರಡುವ ಮುನ್ನ ಖರ್ಚಿನ ಪಟ್ಟಿಯನ್ನು ತಿರುಗಿಸಿ ಬರೆಯಲಿ. ಮೊದಲನೇ ಸಾಲಿನಲ್ಲಿ ಮೇಷ್ಟ್ರ ಸಂಭಾವನೆ, ಅರ್ಧ ಮುಂಗಡ. ಮೈಕ್ ಸೆಟ್ಟಿನವನಿಗೆ ಮುಂಗಡ ಕೊಡದಿದ್ದರೆ ಅವನು ಗಾಡಿ ಹತ್ತುವುದಿಲ್ಲ ಅನ್ನೋದು ಎಲ್ಲ ಕಮಿಟಿಯವರಿಗೂ ಚೆನ್ನಾಗಿ ಗೊತ್ತಿದೆ.