ಇಲ್ಲದ ತೆರಿಗೆಗೆ ಅಜ್ಜನ ರೊಕ್ಕ ಕಡಿತ!

ತೆರಿಗೆ ಅಂದರೆ ನವಲಗುಂದದ ಮಂದಿಗೆ ಹೊಸ ಮಾತಲ್ಲ. ಮಲಪ್ರಭೆಯ ನೀರು ಹೊಲಕ್ಕೆ ನೆಟ್ಟಗೆ ಬರುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಮನೆಗೆ ಬಂದಾಗ, 1980ರ ಜುಲೈ 21ರಂದು ಇದೇ ಊರಿನ ರೈತರು ಬೀದಿಗಿಳಿದಿದ್ದರು. ಗೋಳಿಬಾರ್ ಆಯಿತು, ಜೀವ ಹೋಯಿತು, ವಿಧಾನಸೌಧಕ್ಕೂ ಬಿಸಿ ಮುಟ್ಟಿತು. ಅಂಥ ನಾಡಿನಲ್ಲಿ ಇಂದು, ಕಟ್ಟಬೇಕಾಗಿಯೇ ಇಲ್ಲದ ತೆರಿಗೆಗೆ ಹಿರಿಯರ ಬಡ್ಡಿ ರೊಕ್ಕ ಕಡಿತವಾದರೂ ಯಾರೂ ಕೂಗುವುದಿಲ್ಲ. ಯಾಕಂದರೆ ಇದಕ್ಕೆ ಡಂಗುರವಿಲ್ಲ, ನೋಟೀಸಿಲ್ಲ. ಪಾಸ್‌ಬುಕ್ಕಿನ ಮೂಲೆಯಲ್ಲಿ ಮೂರೇ ಅಕ್ಷರ: ಟಿ.ಡಿ.ಎಸ್!

ಲೆಕ್ಕ ಹಾಕಿ ನೋಡಿರಿ. ಅಣ್ಣಿಗೇರಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ ಅಂತ ಇಟ್ಟುಕೊಳ್ಳಿರಿ. ತಿಂಗಳ ಪಿಂಚಣಿ 30 ಸಾವಿರ. ವರ್ಷಕ್ಕೆ 3 ಲಕ್ಷ 60 ಸಾವಿರ. ನಿವೃತ್ತಿಯಾದಾಗ ಬಂದ ಗ್ರಾಚ್ಯುಟಿ, ಅಷ್ಟಿಷ್ಟು ಉಳಿತಾಯ ಕೂಡಿಸಿ 22 ಲಕ್ಷ ಬ್ಯಾಂಕಿನಲ್ಲಿ ಠೇವು ಇಟ್ಟಿದ್ದಾರೆ. ನೂರಕ್ಕೆ 7ರಂತೆ ಬಡ್ಡಿ 1 ಲಕ್ಷ 54 ಸಾವಿರ. ಎರಡೂ ಕೂಡಿ 5 ಲಕ್ಷ 14 ಸಾವಿರ. ಪಿಂಚಣಿದಾರರಿಗೆ ಹೊಸ ಪದ್ಧತಿಯಲ್ಲಿ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 4 ಲಕ್ಷ 39 ಸಾವಿರ. 2025-26ನೇ ಸಾಲಿನಿಂದ ಇದೇ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ. ಅಂದಮೇಲೆ ಮಾಸ್ತರರು ಕಟ್ಟಬೇಕಾದ ತೆರಿಗೆ ಎಷ್ಟು? ಸೊನ್ನೆ!

ಆದರೆ ಬ್ಯಾಂಕಿನ ಕಂಪ್ಯೂಟರು ಈ ಲೆಕ್ಕ ನೋಡುವುದಿಲ್ಲ. 60 ತುಂಬಿದವರ ವರ್ಷದ ಬಡ್ಡಿ 1 ಲಕ್ಷ ದಾಟಿತೋ, ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರಾ ಬಡ್ಡಿಗೇ ನೂರಕ್ಕೆ 10 ಹಿಡಿಯುತ್ತದೆ. ಮಾಸ್ತರರ ಲೆಕ್ಕದಲ್ಲಿ 15,400 ರೂಪಾಯಿ. ಪ್ಯಾನ್ ಕೊಟ್ಟಿರದಿದ್ದರೆ ನೂರಕ್ಕೆ 20, ಅಂದರೆ 30,800. ಒಂದು ತಿಂಗಳ ಪಿಂಚಣಿಗಿಂತ ಹೆಚ್ಚಾಯಿತಲ್ಲ!

ಸರಕಾರ ಏನೂ ಮಾಡಿಲ್ಲ ಅಂದರೆ ಸುಳ್ಳಾದೀತು. ಹಿರಿಯರ ಬಡ್ಡಿಗೆ ಈ ಮಿತಿ ಮೊದಲು 10 ಸಾವಿರ ಇತ್ತು. 2018ರಲ್ಲಿ 50 ಸಾವಿರ ಆಯಿತು, 2025ರ ಏಪ್ರಿಲ್‌ನಿಂದ 1 ಲಕ್ಷ ಆಯಿತು. ತೆರಿಗೆ ಬೀಳದ ಹಿರಿಯರು ಹಾಗಂತ ಬರೆದುಕೊಟ್ಟರೆ ಬಡ್ಡಿ ಕಡಿತ ಮಾಡಬಾರದು ಎಂಬ ಸವಲತ್ತೂ ಇದೆ. ಜನ ವರ್ಷಾನುಗಟ್ಟಲೆ '15 ಎಚ್' ಅಂತ ಕರೆಯುತ್ತ ಬಂದದ್ದು ಅದೇ ಫಾರ್ಮು. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬರುವ ದಿನ 2026ರ ಏಪ್ರಿಲ್ 1. ನಂಬರು ಬದಲಾದರೂ ಫಾರ್ಮಿನ ಕೆಲಸ ಅದೇ.

ತೊಡಕು ಇರುವುದು ಇಲ್ಲೇ. ಈ ಫಾರ್ಮು ಒಮ್ಮೆ ಕೊಟ್ಟರೆ ಮುಗಿಯಲಿಲ್ಲ. ಪ್ರತಿ ವರ್ಷ ಕೊಡಬೇಕು, ಠೇವು ಇರುವ ಪ್ರತಿ ಬ್ಯಾಂಕಿಗೂ ಕೊಡಬೇಕು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಆಯಿತು. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಕೂಡಿತು. ಬೋರ್ಡು ಬದಲಾದಾಗಲೆಲ್ಲ "ಹಳೇ ಫಾರ್ಮು ನಡೀತೈತೋ ಇಲ್ಲೋ" ಅಂತ ಎಪ್ಪತ್ತರ ಅಜ್ಜ ಕೌಂಟರಿನ ಮುಂದೆ ನಿಂತು ಕೇಳಬೇಕು. ಕೇಳಲು ಮರೆತರೆ ಕತ್ತರಿ.

ಕತ್ತರಿ ಬಿದ್ದ ರೊಕ್ಕ ವಾಪಸ್ ಬರುತ್ತದಲ್ಲ ಅಂತ ಓದಿದವರು ಅನ್ನಬಹುದು. ಬರುತ್ತದೆ, ಆದರೆ ರಿಟರ್ನ್ ತುಂಬಿದರೆ! ಅದು ಕಂಪ್ಯೂಟರಿನಲ್ಲೇ ಆಗಬೇಕು. ಮೊಬೈಲಿಗೆ ಓ.ಟಿ.ಪಿ ಬರಬೇಕು, ಪ್ಯಾನು-ಆಧಾರು ಜೋಡಣೆಯಾಗಿರಬೇಕು. ಕಲಘಟಗಿಯ ಹಳ್ಳಿಯಿಂದ ಹುಬ್ಬಳ್ಳಿಗೆ ಬಸ್ ಚಾರ್ಜು, ಫಾರ್ಮು ತುಂಬುವವರ ಫೀ, ಒಂದು ದಿನದ ದಣಿವು. "ಹೋಗ್ಲಿ ಬಿಡಪಾ, ಸರಕಾರಕ್ಕ ಮುಟ್ಲಿ" ಅಂತ ಸುಮ್ಮನಾದವರ ರೊಕ್ಕಕ್ಕೆ ಲೆಕ್ಕ ಇಡುವವರು ಯಾರು?

75 ತುಂಬಿದವರು ರಿಟರ್ನೇ ತುಂಬಬೇಕಿಲ್ಲ ಎಂಬ ರಿಯಾಯಿತಿ 2021ರಲ್ಲಿ ಬಂತು. ಕೇಳಲು ಹಿತವಾಗಿದೆ. ಆದರೆ ಷರತ್ತು ನೋಡಿರಿ: ಪಿಂಚಣಿ ಮತ್ತು ಬಡ್ಡಿ ಬಿಟ್ಟರೆ ಬೇರೆ ಆದಾಯ ಇರಬಾರದು, ಎರಡೂ ಒಂದೇ ಬ್ಯಾಂಕಿನಲ್ಲಿರಬೇಕು. ಪಿಂಚಣಿ ಒಂದು ಬ್ಯಾಂಕಿಗೆ, ಠೇವು ಊರ ಸಹಕಾರಿ ಬ್ಯಾಂಕಿಗೆ, ಉಳಿದದ್ದು ಪೋಸ್ಟಿಗೆ ಎಂದು ಹಂಚಿಟ್ಟವರಿಗೆ ಈ ರಿಯಾಯಿತಿ ಕನ್ನಡಿಯೊಳಗಿನ ಗಂಟು.

ಇನ್ನು ಅಂಗಡಿಕಾರರ ಮಾತು. ಹಳೇ ಪದ್ಧತಿಯಲ್ಲಿ ವಯಸ್ಸಿಗೊಂದು ಮರ್ಯಾದೆ ಇತ್ತು. 2011ರಲ್ಲಿ ಹಿರಿಯರ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿದರು, 80 ದಾಟಿದವರಿಗೆ 5 ಲಕ್ಷದವರೆಗೆ ತೆರಿಗೆ ಬೇಡ ಅಂದರು. 60 ದಾಟಿದವರ ಬಡ್ಡಿಯಲ್ಲಿ 50 ಸಾವಿರ ಬಿಡುವ ಸವಲತ್ತು 2018ರಲ್ಲಿ ಬಂತು. ಮಾಸ್ತರನಿಗೂ, ಕುಂದಗೋಳ ಪೇಟೆಯ ಕಿರಾಣಿ ಶೆಟ್ಟರಿಗೂ ಒಂದೇ ನ್ಯಾಯ. ಹೊಸ ಪದ್ಧತಿಯಲ್ಲಿ ಇವು ಯಾವುವೂ ಇಲ್ಲ. ಪಿಂಚಣಿ ಇದ್ದವರಿಗೆ 75 ಸಾವಿರ ಬಿಟ್ಟಿದ್ದಾರೆ. ನಲವತ್ತು ವರ್ಷ ತಕ್ಕಡಿ ಹಿಡಿದವರ ನರೆಗೂದಲಿಗೆ ಸೊನ್ನೆ. 12 ಲಕ್ಷದ ರಿಬೇಟ್ ಇರುವುದರಿಂದ ಸಣ್ಣ ಅಂಗಡಿಯವರಿಗೆ ಸದ್ಯ ಪೆಟ್ಟು ಬೀಳಲಿಕ್ಕಿಲ್ಲ. ಆದರೆ ಆ ರಿಬೇಟ್ 25ರ ಹುಡುಗನಿಗೂ ಅಷ್ಟೇ, 82ರ ಅಜ್ಜಿಗೂ ಅಷ್ಟೇ. ಪ್ಲಾಟು ಮಾರಿದ ವರ್ಷ ಆ ಲಾಭದ ಮೇಲಿನ ತೆರಿಗೆಗೆ ರಿಬೇಟ್ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಅಂಥ ವರ್ಷ ಕಣ್ಣು ಮುಚ್ಚಿ ಫಾರ್ಮಿಗೆ ಸಹಿ ಹಾಕಬೇಡಿರಿ. ಸುಳ್ಳು ಬರೆದುಕೊಟ್ಟರೆ ಶಿಕ್ಷೆ ಉಂಟು.

ಫಾರ್ಮು ಸಡಿಲ ಮಾಡಿದರೆ ದೊಡ್ಡ ಕುಳಗಳು ತಪ್ಪಿಸಿಕೊಳ್ಳುತ್ತಾರೆ ಎಂಬ ವಾದ ಇದೆ. ಯಾರ ಪ್ಯಾನಿಗೆ ಯಾವ ಬ್ಯಾಂಕಿನಿಂದ ಎಷ್ಟು ಬಡ್ಡಿ ಹೋಯಿತು ಎಂಬುದು ಇಲಾಖೆಯ ಕಂಪ್ಯೂಟರಿಗೇ ಗೊತ್ತು. ಕಳ್ಳನನ್ನು ಹಿಡಿಯಲು ಅಷ್ಟು ಸಾಕು. ಅದಕ್ಕೆ ಅಜ್ಜನ ಜೇಬು ಕತ್ತರಿಸಬೇಕಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಗ್ರಾಹಕರ ಹುಟ್ಟಿದ ತಾರೀಖು ಬ್ಯಾಂಕಿನಲ್ಲೇ ಇದೆ. 60 ತುಂಬಿದವರಿಗೆ ಮಾರ್ಚ್‌ನಲ್ಲೇ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಹೋಗಲಿ. ಏಪ್ರಿಲ್ ಮೊದಲ ವಾರ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಪ್ರತಿ ಶಾಖೆಯಲ್ಲೂ ಕನ್ನಡದ ಫಾರ್ಮು, ತುಂಬಿಕೊಡಲು ಒಬ್ಬ ಗುಮಾಸ್ತ ಇರಲಿ. ಇದಕ್ಕೆ ಕಾಯ್ದೆ ತಿದ್ದಬೇಕಿಲ್ಲ, ಮನಸ್ಸು ಬೇಕು. ಪಿಂಚಣಿ ಇರಲಿ ಬಿಡಲಿ, ಹೊಸ ಪದ್ಧತಿಯಲ್ಲೂ ವಯಸ್ಸಿಗೊಂದು ರಿಯಾಯಿತಿ ಕೊಡುವುದು ದಿಲ್ಲಿಯ ಕೆಲಸ. 2025ರ ಬಜೆಟ್ ಓದಿದ ನಿರ್ಮಲಾ ಸೀತಾರಾಮನ್ ಅವರು 2022ರಲ್ಲಿ ರಾಜ್ಯಸಭೆಗೆ ಆರಿಸಿ ಹೋದದ್ದು ಕರ್ನಾಟಕದಿಂದಲೇ. ಜಿಲ್ಲೆಯ ಸಂಸದರು, ಶಾಸಕರು ಈ ಮಾತು ಅಲ್ಲಿಗೆ ಮುಟ್ಟಿಸಲಿ.

ಅಲ್ಲಿಯವರೆಗೆ ಮನೆಯ ಹುಡುಗರು ಒಂದು ಕೆಲಸ ಮಾಡಲಿ: ಹಿರಿಯರ ಪಾಸ್‌ಬುಕ್ಕು ತೆಗೆದು ಆ ಮೂರು ಅಕ್ಷರ ಎಲ್ಲಿವೆ ಅಂತ ಹುಡುಕಲಿ. ತೆರಿಗೆ ಬಿದ್ದವರು ಕಟ್ಟಲಿ, ಅದು ಧರ್ಮ. ಬೀಳದವರಿಂದ ಹಿಡಿದಿಟ್ಟುಕೊಂಡು "ಬಂದು ಕೇಳ್ರಿ, ಕೊಡ್ತೀವಿ" ಅನ್ನುವುದು ಯಾವ ಧರ್ಮ?